ಕನ್ನಡದ ಸ್ಟ್ಯಾಟಿಕ್ ವೆಬ್‌ಸೈಟಿಗೆ ಯಾವ ಸರ್ಚ್ ಹಾಕಬೇಕು?

ಪುರುಸೊತ್ತಿಲ್ಲದವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವೆಬ್‌ಸೈಟಿನಲ್ಲಿ ಇನ್ನೂರು ಮುನ್ನೂರು ಪುಟ ಇದ್ದರೆ ಯಾವ ದೊಡ್ಡ ಟೂಲೂ ಬೇಡ. ಎಲ್ಲ ಪುಟಗಳ ಪಠ್ಯವನ್ನು ಒಂದು ಜೇಸನ್ ಫೈಲಿಗೆ (ಮಾಹಿತಿಯನ್ನು ಸರಳ ಪಠ್ಯವಾಗಿ ಬರೆದಿಡುವ ಫೈಲ್) ಹಾಕಿ, ಬ್ರೌಸರಿನಲ್ಲೇ ನೇರವಾಗಿ ಹುಡುಕಿಸಿ. ಸಾವಿರ ದಾಟಿದರೆ ಪೇಜ್‌ಫೈಂಡ್. ಜನ ಒಂದೇ ಹೆಸರನ್ನು ನಾಲ್ಕು ಥರ ಬರೆಯುವ ಅಂಗಡಿ ಕ್ಯಾಟಲಾಗ್ ಆದರೆ ಮಿನಿಸರ್ಚ್. ಇವೆರಡೂ ಬ್ರೌಸರಿನಲ್ಲೇ ಹುಡುಕುವ ಸಿದ್ಧ ಟೂಲುಗಳು. ಉಳಿದವುಗಳ ಗೋಜು ಹೆಚ್ಚಿನವರಿಗೆ ಬೇಕಿಲ್ಲ. ಆದರೆ ಯಾವುದನ್ನೇ ಆರಿಸಿ, ಪಠ್ಯ ಸ್ವಚ್ಛ ಮಾಡದೆ ಹಾಕಿದರೆ ಎಲ್ಲವೂ ಒಂದೇ. ಪುಟದಲ್ಲಿ ಎದ್ದು ಕಾಣುವ ಪದಕ್ಕೂ 'ಏನೂ ಸಿಗಲಿಲ್ಲ' ಅನ್ನುತ್ತವೆ.

ನಾನು ವಿಜಯಪುರದಲ್ಲಿ ಸಣ್ಣಪುಟ್ಟ ವೆಬ್‌ಸೈಟ್ ಮಾಡಿಕೊಡುವವನು. ಫ.ಗು. ಹಳಕಟ್ಟಿಯವರು ಸ್ವಂತ ಮುದ್ರಣಾಲಯ ಇಟ್ಟು ವಚನಗಳನ್ನು ಅಚ್ಚು ಹಾಕಿದ ಊರಿದು. ಹಾಗಾಗಿ ವಚನಗಳದ್ದೊಂದು ವೆಬ್‌ಸೈಟ್ ಮಾಡೋಣ ಅನ್ನುವವರಿಗೆ ಇಲ್ಲಿ ಬರವಿಲ್ಲ. ಅದರ ಜೊತೆಗೆ ಇಳಕಲ್ ಸೀರೆಯ ಅಂಗಡಿ, ಕಾಲೇಜಿನ ವಾರ್ಷಿಕ ಸಂಚಿಕೆ, ದ್ರಾಕ್ಷಿ ಬೆಳೆಗಾರರ ಮಾಹಿತಿ ಪುಟ, ಇಂಥವು. ಎಲ್ಲ ಹ್ಯೂಗೋ ಅಥವಾ ಇಲೆವೆಂಟಿ ಅನ್ನುವ, ಸ್ಟ್ಯಾಟಿಕ್ ಪುಟ ತಯಾರಿಸುವ ಟೂಲುಗಳಲ್ಲಿ ಕಟ್ಟಿದವು. ಇಂಗ್ಲಿಷಿನಲ್ಲಿ ಈ ಸರ್ಚ್ ಟೂಲುಗಳ ಹೋಲಿಕೆ ಬೇಕಾದಷ್ಟು ಸಿಗುತ್ತದೆ. ಅಲ್ಲಿ ವೇಗ ಅಳೆಯುತ್ತಾರೆ, ಫೈಲ್ ಸೈಜು ಅಳೆಯುತ್ತಾರೆ. ಕನ್ನಡ ಹಾಕಿದರೆ ಏನಾಗುತ್ತದೆ ಅಂತ ಯಾರೂ ನೋಡುವುದಿಲ್ಲ. ನಮಗೆ ಬೇಕಾಗಿರುವುದು ಅದೇ ಅಲ್ವಾ?

ಹುಡುಕುವವರು ಯಾರು?

ವರ್ಡ್‌ಪ್ರೆಸ್‌ನಂಥ ವ್ಯವಸ್ಥೆಯಲ್ಲಿ ಹುಡುಕುವ ಕೆಲಸ ಸರ್ವರಿನದು. ಅದರ ಹಿಂದೆ ಡೇಟಾಬೇಸ್ ಇರುತ್ತದೆ, ಅದನ್ನು ಕೇಳಿ ಉತ್ತರ ಕೊಡುತ್ತದೆ. ಸ್ಟ್ಯಾಟಿಕ್ ವೆಬ್‌ಸೈಟಿನಲ್ಲಿ ಬರೀ ಫೈಲುಗಳು. ಕೇಳಿದ ಫೈಲ್ ಕೊಡುವುದು ಬಿಟ್ಟರೆ ಸರ್ವರಿಗೆ ಬೇರೆ ಕೆಲಸ ಗೊತ್ತಿಲ್ಲ. ಹಾಗಾಗಿ ಹುಡುಕುವ ಕೆಲಸವನ್ನು ಒಂದೋ ಓದುಗರ ಬ್ರೌಸರಿಗೆ ಒಪ್ಪಿಸಬೇಕು, ಇಲ್ಲವೇ ಹೊರಗಿನ ಸರ್ಚ್ ಸೇವೆಯೊಂದಕ್ಕೆ, ಇಲ್ಲವೇ ಗೂಗಲ್‌ಗೆ. ಈ ಬರಹದ ಬಹುಪಾಲು ಮೊದಲನೆಯದರ ಬಗ್ಗೆ.

ಟೂಲಿಗಿಂತ ಮೊದಲು ಪಠ್ಯ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಕನ್ನಡದ ಸರ್ಚ್ ಕೆಡುವುದು ಹೆಚ್ಚಾಗಿ ಇಲ್ಲೇ.

ಮೊದಲನೆಯದು ನುಡಿ, ಬರಹ, ಶ್ರೀಲಿಪಿಯ ಹಳೇ ಫೈಲುಗಳು. ನಮ್ಮ ಕಡೆ ಡಿಟಿಪಿ ಅಂಗಡಿಗಳಿಂದ ಬರುವ ಪಠ್ಯ ಈಗಲೂ ಎಷ್ಟೋ ಸಲ ಯೂನಿಕೋಡ್ ಆಗಿರುವುದಿಲ್ಲ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಕನ್ವರ್ಟರ್‌ನಲ್ಲಿ ಹಾಕಿ ಯೂನಿಕೋಡ್ ಮಾಡದೆ ಯಾವ ಸರ್ಚೂ ನಡೆಯಲ್ಲ. ಕಾಲೇಜಿನ ಹಳೇ ಸಂಚಿಕೆಗಳು ಪಿಡಿಎಫ್‌ನಲ್ಲಿದ್ದರಂತೂ ಇನ್ನೂ ಕಷ್ಟ. ಒಳಗಿನ ಪಠ್ಯ ತೆಗೆದು ಪುಟವಾಗಿ ಹಾಕಲೇಬೇಕು.

ಎರಡನೆಯದು ಕಣ್ಣಿಗೆ ಕಾಣದ್ದು. ಯೂನಿಕೋಡಿನಲ್ಲಿ 'ಕೊ' ಅಂತ ಎರಡು ಥರ ಬರೆಯಬಹುದು. ಕ ಜೊತೆಗೆ ಒತ್ವದ ಒಂದೇ ಚಿಹ್ನೆ ಹಾಕಬಹುದು. ಅಥವಾ ಕ, ಆಮೇಲೆ ಎತ್ವ, ಆಮೇಲೆ ಊತ್ವ ಹಾಕಿದರೂ ಪರದೆಯ ಮೇಲೆ ಅದೇ 'ಕೊ' ಮೂಡುತ್ತದೆ. ಕನ್ವರ್ಟರ್‌ನಿಂದ ಬಂದ ಪಠ್ಯದಲ್ಲಿ ಎರಡನೆಯ ಬಗೆ ಸಿಗುವುದುಂಟು. ಫೋನಿನ ಕೀಬೋರ್ಡ್ ಕೊಡುವುದು ಮೊದಲನೆಯದು. ಕೀ, ಕೇ, ಕೈ, ಕೋ ಎಲ್ಲಕ್ಕೂ ಇದೇ ಕಥೆ. ಓದುಗರು 'ಕೊಡ' ಅಂತ ಹುಡುಕುತ್ತಾರೆ, ಪುಟದಲ್ಲೂ 'ಕೊಡ' ಇದೆ, ಆದರೆ ಬೈಟುಗಳು ಬೇರೆ. ಇದಕ್ಕೆ ಮದ್ದು ಯೂನಿಕೋಡ್ ನಾರ್ಮಲೈಸೇಶನ್. ಜಾವಾಸ್ಕ್ರಿಪ್ಟಿನಲ್ಲಿ ನಾರ್ಮಲೈಸ್ ಅನ್ನುವ ಫಂಕ್ಷನ್ ಸಿದ್ಧವಾಗಿ ಇದೆ. ಅದಕ್ಕೆ ಎನ್‌ಎಫ್‌ಸಿ ಅಂತ ಹೇಳಿದರೆ ಬಿಡಿಬಿಡಿಯಾಗಿದ್ದ ಚಿಹ್ನೆಗಳು ಒಂದಾಗುತ್ತವೆ. ಒಂದೇ ಸಾಲಿನ ಕೆಲಸ.

ಮೂರನೆಯದು ಜೋಡಕಗಳು. 'ಸಾಫ್ಟ್‌ವೇರ್' ಬರೆಯುವಾಗ ಟ್ ಮತ್ತು ವೇ ಒತ್ತಾಗಿ ಸೇರದಂತೆ ನಡುವೆ ಜೀರೋ ವಿಡ್ತ್ ನಾನ್ ಜಾಯ್ನರ್ ಹಾಕುತ್ತೇವೆ. ಅಗಲವೇ ಇಲ್ಲದ ಅಕ್ಷರ ಅದು. 'ರ‍್ಯಾಲಿ' ಬರೆಯಲು ಜೀರೋ ವಿಡ್ತ್ ಜಾಯ್ನರ್ ಬೇಕು. ಅದನ್ನು ಕೆಲವರು ವಿರಾಮದ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ) ಮೊದಲು ಹಾಕುತ್ತಾರೆ, ಹಳೇ ಪಠ್ಯಗಳಲ್ಲಿ ವಿರಾಮದ ನಂತರವೂ ಇರುತ್ತದೆ. ಹುಡುಕುವವರು ಇದ್ಯಾವುದನ್ನೂ ಯೋಚಿಸುವುದಿಲ್ಲ, ಯೋಚಿಸಬೇಕಾಗಿಯೂ ಇಲ್ಲ. ಇಂಡೆಕ್ಸಿಗೆ (ಹುಡುಕಲೆಂದು ತಯಾರಿಸಿಡುವ ಪದಪಟ್ಟಿ) ಹೋಗುವ ಪ್ರತಿಯಿಂದಲೂ, ಹುಡುಕುವ ಪದದಿಂದಲೂ ಎರಡನ್ನೂ ಕಿತ್ತುಹಾಕಿ. ನೆನಪಿರಲಿ, ಇಂಡೆಕ್ಸಿನ ಪ್ರತಿಯಿಂದ ಮಾತ್ರ. ಓದುವ ಪುಟದಿಂದ ಕಿತ್ತರೆ ಬರಹವೇ ಕೆಟ್ಟುಹೋಗುತ್ತದೆ.

ಇನ್ನೊಂದು ತಮಾಷೆ ಇದೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಹಾಕುವುದು. 'ಸಂಬಂಧ' ಎಂಬಲ್ಲಿ 'ಸ೦ಬ೦ಧ'. ಇವೆರಡನ್ನೂ ಮತ್ತೊಮ್ಮೆ ನೋಡಿ, ವ್ಯತ್ಯಾಸ ಹಿಡಿಯುವುದು ಕಷ್ಟ. ಹದಿನೈದು ಇಪ್ಪತ್ತು ವರ್ಷದ ಹಿಂದೆ ಟೈಪಾದ ಪಠ್ಯದಲ್ಲಿ ಇದು ಹೇರಳ. ಅಕ್ಷರದ ಪಕ್ಕ ಸೊನ್ನೆ ಕಂಡರೆ ಅನುಸ್ವಾರ ಮಾಡಿ. ಅಂಕಿಗಳ ನಡುವೆ ಇದ್ದರೆ ಬಿಟ್ಟುಬಿಡಿ. ಜೊತೆಗೆ ಕನ್ನಡ ಅಂಕಿಗಳನ್ನು ಮಾಮೂಲಿ ಅಂಕಿಗಳಿಗೆ ಬದಲಿಸಿ. ೧೯೨೬ ಅಂತ ಅಚ್ಚಾಗಿರುವ ಪುಟ 1926 ಅಂತ ಹುಡುಕಿದರೂ ಸಿಗಬೇಕು.

ಈ ನಾಲ್ಕೈದು ಬದಲಾವಣೆಗಳನ್ನೆಲ್ಲ ಒಂದು ಸಣ್ಣ ಫಂಕ್ಷನ್ ಆಗಿ ಬರೆದಿಟ್ಟುಕೊಳ್ಳಿ. ಅದೇ ಫಂಕ್ಷನ್ ಇಂಡೆಕ್ಸ್ ಕಟ್ಟುವಾಗಲೂ ಓಡಬೇಕು, ಹುಡುಕುವಾಗಲೂ ಓಡಬೇಕು. ಒಂದು ಕಡೆ ಓಡಿಸಿ ಇನ್ನೊಂದು ಕಡೆ ಬಿಟ್ಟರೆ ಮೊದಲಿಗಿಂತ ಹಾಳು.

'ಊರು' ಹುಡುಕಿದರೆ 'ಊರಿನ' ಸಿಗಬೇಕು

ಕನ್ನಡದ ಪದ ಒಂಟಿಯಾಗಿ ನಿಲ್ಲುವುದು ಕಡಿಮೆ. ಸೀರೆ, ಸೀರೆಯ, ಸೀರೆಗೆ, ಸೀರೆಯಲ್ಲಿ, ಸೀರೆಗಳು. ಇಂಗ್ಲಿಷಿಗಾದರೆ ಪದದ ಬಾಲ ಕತ್ತರಿಸುವ ಸ್ಟೆಮ್ಮರ್ ಹಲವು ಟೂಲುಗಳಲ್ಲಿ ಇರುತ್ತದೆ. ಇವು ಸಾಮಾನ್ಯವಾಗಿ ನೆಚ್ಚಿಕೊಳ್ಳುವ ಸ್ನೋಬಾಲ್ ಸ್ಟೆಮ್ಮರ್‌ಗಳ ಪಟ್ಟಿಯಲ್ಲಿ ಹಿಂದಿ, ತಮಿಳು ಇವೆ. ಕನ್ನಡ ಇಲ್ಲ.

ಒಳ್ಳೆಯ ಸಂಗತಿ ಏನೆಂದರೆ ನಮ್ಮ ಪ್ರತ್ಯಯಗಳು ಪದದ ಕೊನೆಗೆ ಸೇರುತ್ತವೆ. ಆದ್ದರಿಂದ ಪದದ ಮೊದಲ ಭಾಗ ಹೊಂದಿದರೆ ಸಾಕು ಅನ್ನುವ ಪ್ರಿಫಿಕ್ಸ್ ಹುಡುಕಾಟ ಮುಕ್ಕಾಲು ಕೆಲಸ ಮುಗಿಸುತ್ತದೆ. 'ಸೀರೆ' ಅಂದರೆ ಮೇಲಿನ ಐದೂ ಸಿಗುತ್ತವೆ. ತೊಂದರೆ ಕೊಡುವುದು 'ಉ'ಕಾರದಲ್ಲಿ ಮುಗಿಯುವ ಪದಗಳು. ಊರು ಹೋಗಿ ಊರಿನ, ಊರಲ್ಲಿ, ಊರಿಗೆ ಆಗುತ್ತದೆ. ಹಾಡು ಹೋಗಿ ಹಾಡಿನ, ಹಾಡನ್ನು. 'ಊರು' ಪದದ ಈ ನಾಲ್ಕು ರೂಪಗಳಲ್ಲಿ ಮೂರರಲ್ಲಿ ಆ ಕೊನೆಯ ಉತ್ವವೇ ಇಲ್ಲ.

ಇದಕ್ಕೊಂದು ಸುಲಭದ ಉಪಾಯ. ಹುಡುಕುವ ಪದದ ಕೊನೆಯಲ್ಲಿ ಉತ್ವ ಇದ್ದರೆ ಅದೊಂದನ್ನೇ ತೆಗೆದು ಪ್ರಿಫಿಕ್ಸ್ ಹುಡುಕಿ. ಕಂಪ್ಯೂಟರಿಗೆ 'ಊರು' ಅಂದರೆ ಊ, ರ, ಉತ್ವದ ಚಿಹ್ನೆ, ಹೀಗೆ ಮೂರು ತುಂಡು. ಕೊನೆಯದನ್ನು ಬಿಟ್ಟರೆ 'ಊರ' ಉಳಿಯುತ್ತದೆ. ಊರಿನ, ಊರಲ್ಲಿ, ಊರಿಗೆ ಮೂರೂ ಆ ತುಂಡಿನಿಂದಲೇ ಶುರು. 'ಊರ್ಧ್ವ'ವೂ ಸಿಕ್ಕಿಬೀಳುತ್ತದೆ, ಇರಲಿ ಬಿಡಿ.

ಪ್ರಿಫಿಕ್ಸಿನ ಕೈಗೆ ಸಿಗದಿರುವುದು ಸಮಾಸ. ವಚನಗಳ ಪುಟದಲ್ಲಿ ಯಾರಾದರೂ 'ಸಂಗಮ' ಅಂತ ಹುಡುಕುತ್ತಾರೆ ಅಂದುಕೊಳ್ಳಿ. ಬಸವಣ್ಣನವರ ಅಂಕಿತ ಸಾಲು ಸಾಲು ಪುಟಗಳಲ್ಲಿದೆ. ಆದರೆ ಅದು 'ಕೂಡಲಸಂಗಮದೇವ', ಕೆಲವು ಕಡೆ 'ಕೂಡಲಸಂಗಮದೇವಾ', ಇನ್ನು ಕೆಲವು ಕಡೆ ಜಾಗ ಬಿಟ್ಟು 'ಕೂಡಲ ಸಂಗಮದೇವ'. ಪದದ ಶುರುವಿನಿಂದ ಮಾತ್ರ ನೋಡುವ ಟೂಲಿಗೆ ಕೊನೆಯದೊಂದೇ ಕಾಣುತ್ತದೆ. ಮುನ್ನೂರು ವಚನ ಇರುವಲ್ಲಿ ಹತ್ತು ತೋರಿಸಿ ಸುಮ್ಮನಾಗುತ್ತದೆ. ಏನೂ ಸಿಗದಿದ್ದರೆ ಓದುಗರಿಗೆ ಅನುಮಾನವಾದರೂ ಬರುತ್ತಿತ್ತು. ಹತ್ತು ಸಿಕ್ಕರೆ ಇಷ್ಟೇ ಇರುವುದು ಅಂದುಕೊಳ್ಳುತ್ತಾರೆ. ಇದಕ್ಕೆ ಪದದ ನಡುವೆಯೂ ನೋಡುವ ಹುಡುಕಾಟ ಬೇಕು. ಮಳೆಕಾಲ ಹೋಗಿ ಮಳೆಗಾಲ ಆಗುವ ಆದೇಶ ಸಂಧಿಗೆ ಮಾತ್ರ ಯಾವ ಟೂಲಿನಲ್ಲೂ ಮದ್ದಿಲ್ಲ. 'ಕಾಲ' ಹುಡುಕಿದರೆ 'ಗಾಲ' ಸಿಗಲ್ಲ.

ಈಗ ಟೂಲುಗಳಿಗೆ ಬರೋಣ.

ಲೈಬ್ರರಿಯೇ ಇಲ್ಲದ ದಾರಿ

ನನಗೆ ಅತಿ ಇಷ್ಟವಾದದ್ದು ಇದು. ಬಿಲ್ಡ್ ಆಗುವಾಗ, ಅಂದರೆ ಪುಟಗಳು ತಯಾರಾಗುವಾಗ, ಹ್ಯೂಗೋ ಪ್ರತಿ ಪುಟದ ಶೀರ್ಷಿಕೆ, ವಿಳಾಸ, ಬರೀ ಪಠ್ಯ ಇಷ್ಟನ್ನು ಒಂದು ಜೇಸನ್ ಫೈಲಿಗೆ ಬರೆಯುತ್ತದೆ. ಓದುಗರು ಸರ್ಚ್ ಬಾಕ್ಸ್ ಮುಟ್ಟಿದಾಗ ಆ ಫೈಲ್ ಇಳಿಯುತ್ತದೆ. ಆಮೇಲೆ ಜಾವಾಸ್ಕ್ರಿಪ್ಟಿನ ಇನ್‌ಕ್ಲೂಡ್ಸ್ ಫಂಕ್ಷನ್ ಒಂದೊಂದೇ ಪುಟ ನೋಡಿ ಪದ ಇದೆಯೋ ಇಲ್ಲವೋ ಹೇಳುತ್ತದೆ. ಅಷ್ಟೇ.

ಕೇಳಿದರೆ ಒಡ್ಡೊಡ್ಡಾಗಿ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ಕನ್ನಡದ ಒಂದೊಂದು ಚಿಹ್ನೆ ಯುಟಿಎಫ್-8ರಲ್ಲಿ ಮೂರು ಬೈಟ್. ವಚನ ಒಂದಕ್ಕೆ ಐನೂರು ಚಿಹ್ನೆ ಹಿಡಿದರೆ ಒಂದೂವರೆ ಕೆಬಿ. ಮುನ್ನೂರು ವಚನಕ್ಕೆ ನಾನೂರೈವತ್ತು ಕೆಬಿ. ದಾರಿಯಲ್ಲಿ ಅದು ಜಿಜಿಪ್ ಆಗಿ ಬರುವುದರಿಂದ ಇನ್ನೂ ಎಷ್ಟೋ ಚಿಕ್ಕದಾಗುತ್ತದೆ. ಕನ್ನಡಕ್ಕೆ ಇದರಲ್ಲಿ ಒಂದು ಲಾಭವೂ ಇದೆ. ಆ ಮೂರು ಬೈಟಿನಲ್ಲಿ ಮೊದಲನೆಯದು ಯಾವಾಗಲೂ ಒಂದೇ. ಎರಡನೆಯದಕ್ಕೆ ಎರಡೇ ಸಾಧ್ಯತೆ. ಹಾಗಾಗಿ ಕುಗ್ಗಿಸಲು ಬೇಕಾದಷ್ಟು ಜಾಗ. ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕಿಂತ ಜಾಸ್ತಿ ಏನೂ ಡೇಟಾ ಖರ್ಚಾಗಲ್ಲ. ಇಷ್ಟು ಪಠ್ಯವನ್ನು ಹುಡುಕಲು ಹಳೇ ಫೋನೂ ತಿಣುಕುವುದಿಲ್ಲ.

ದೊಡ್ಡ ಲಾಭ ಬೇರೆ ಇದೆ. ಇದು ಪದದ ನಡುವೆಯೂ ನೋಡುತ್ತದೆ. 'ಸಂಗಮ' ಅಂದರೆ ಕೂಡಲಸಂಗಮದೇವ ಸಿಕ್ಕೇ ಸಿಗುತ್ತಾನೆ. ಜಾಗಗಳನ್ನೆಲ್ಲ ತೆಗೆದ ಇನ್ನೊಂದು ಪ್ರತಿಯನ್ನೂ ನೋಡುವಂತೆ ಮಾಡಿದರೆ 'ಬಸವನಬಾಗೇವಾಡಿ' ಅಂತ ಹುಡುಕಿದವರಿಗೆ 'ಬಸವನ ಬಾಗೇವಾಡಿ' ಪುಟವೂ ಸಿಗುತ್ತದೆ.

ನಷ್ಟವೂ ಅಲ್ಲೇ. 'ಮರ' ಅಂದರೆ ಅಮರ, ಸಮರ, ಚಾಮರಾಜನಗರ ಎಲ್ಲ ಬರುತ್ತವೆ. ಅದಕ್ಕೆ ಪದದ ಶುರುವಿನಲ್ಲೇ ಹೊಂದಿದ್ದನ್ನು ಮೇಲೆ ಇಡಿ. ಶೀರ್ಷಿಕೆಯಲ್ಲಿ ಇದ್ದರೆ ಇನ್ನೂ ಮೇಲೆ. ಹುಡುಕುವ ಮಾತಿನಲ್ಲಿ ಎರಡು ಪದ ಇದ್ದರೆ ಎರಡೂ ಇರುವ ಪುಟ ಮಾತ್ರ ತೋರಿಸಿ.

ಫಲಿತಾಂಶದ ಕೆಳಗೆ ಪಠ್ಯದ ತುಣುಕು ತೋರಿಸುವಾಗ ಒಂದು ಎಚ್ಚರ. ಸಿಕ್ಕ ಜಾಗದಿಂದ ಹಿಂದೆ ಮೂವತ್ತು ಚಿಹ್ನೆ ಅಂತ ಲೆಕ್ಕ ಹಾಕಿ ಕತ್ತರಿಸಿದರೆ ಕೆಲವೊಮ್ಮೆ ಅಕ್ಷರದ ನಡುವೆ ಕತ್ತರಿ ಬೀಳುತ್ತದೆ. ತುಣುಕು ಕೊಂಬಿನಿಂದಲೋ ದೀರ್ಘದಿಂದಲೋ ಶುರುವಾಗಿ, ಚುಕ್ಕಿಗಳ ವೃತ್ತದೊಂದಿಗೆ ಅಸಹ್ಯವಾಗಿ ಕಾಣುತ್ತದೆ. ಯಾವಾಗಲೂ ಹತ್ತಿರದ ಖಾಲಿ ಜಾಗ ನೋಡಿ ಅಲ್ಲಿ ಕತ್ತರಿಸಿ.

ಪೇಜ್‌ಫೈಂಡ್

ಪಠ್ಯ ಕೆಲವು ಎಂಬಿ ದಾಟಿದ ಮೇಲೆ ಎಲ್ಲವನ್ನೂ ಓದುಗರ ಫೋನಿಗೆ ಇಳಿಸುವುದು ಸರಿಯಲ್ಲ. ಸಾವಿರಾರು ವಚನ, ಅದರ ಮೇಲೆ ಟಿಪ್ಪಣಿ, ಲೇಖನ ಅಂತ ಬೆಳೆದ ವೆಬ್‌ಸೈಟಿಗೆ ಪೇಜ್‌ಫೈಂಡ್ ಹೇಳಿ ಮಾಡಿಸಿದ್ದು. ಕ್ಲೌಡ್‌ಕ್ಯಾನನ್ ಕಂಪನಿಯವರು 2022ರಲ್ಲಿ ಬಿಟ್ಟ ಮುಕ್ತ ತಂತ್ರಾಂಶ, ರಸ್ಟ್ ಭಾಷೆಯಲ್ಲಿ ಬರೆದದ್ದು.

ಇದು ಹ್ಯೂಗೋನೋ ಜೆಕಿಲ್ಲೋ ಅಂತ ಕೇಳುವುದೇ ಇಲ್ಲ. ಬಿಲ್ಡ್ ಮುಗಿದ ಮೇಲೆ ತಯಾರಾದ ಎಚ್‌ಟಿಎಂಎಲ್ ಫೋಲ್ಡರನ್ನು ಓದಿ ಇಂಡೆಕ್ಸ್ ಕಟ್ಟುತ್ತದೆ. ಆ ಇಂಡೆಕ್ಸನ್ನು ಸಣ್ಣ ಸಣ್ಣ ತುಂಡು ಮಾಡಿ ಇಡುತ್ತದೆ. ಓದುಗರು ಪದ ಟೈಪ್ ಮಾಡಿದಾಗ ಆ ಪದ ಇರುವ ತುಂಡು ಮಾತ್ರ ಇಳಿಯುತ್ತದೆ, ಆಮೇಲೆ ಸಿಕ್ಕ ಪುಟಗಳ ತುಣುಕು ಒಂದೊಂದಾಗಿ. ಹತ್ತು ಸಾವಿರ ಪುಟದ ವೆಬ್‌ಸೈಟಿನಲ್ಲೂ ಲೈಬ್ರರಿ ಸೇರಿ ಒಟ್ಟು 300 ಕೆಬಿ ಒಳಗೆ ಹುಡುಕಬಹುದು ಅನ್ನುತ್ತಾರೆ ಮಾಡಿದವರು. ಇಂಡಿ, ಸಿಂದಗಿ ಕಡೆಯ ಹಳ್ಳಿಯಲ್ಲಿ ಒಂದು ಗೆರೆ ಸಿಗ್ನಲ್ ಹಿಡಿದು ಕೂತವರಿಗೆ ಇದು ದೊಡ್ಡ ವಿಷಯ.

ಕನ್ನಡಕ್ಕೆ ಹೇಗೆ? ಪ್ರಿಫಿಕ್ಸ್ ನೋಡುತ್ತದೆ, ಆದ್ದರಿಂದ ಪ್ರತ್ಯಯಗಳ ಕಾಟ ಕಡಿಮೆ. ಹುಡುಕುವ ಪದವನ್ನು ಕಳಿಸುವ ಮೊದಲು ಬದಲಿಸಲು ಪ್ರೊಸೆಸ್‌ಟರ್ಮ್ ಅನ್ನುವ ಆಯ್ಕೆ ಕೊಟ್ಟಿದ್ದಾರೆ. ಮೇಲೆ ಹೇಳಿದ ಸ್ವಚ್ಛತೆಯ ಫಂಕ್ಷನ್ ಮತ್ತು ಉತ್ವ ತೆಗೆಯುವ ಉಪಾಯ ಎರಡನ್ನೂ ಅಲ್ಲೇ ಹಾಕಬಹುದು. ಪದದ ನಡುವೆ ಮಾತ್ರ ನೋಡುವುದಿಲ್ಲ. 'ಸಂಗಮ'ದ ಸಮಸ್ಯೆ ಹಾಗೇ ಉಳಿಯುತ್ತದೆ. ವಚನಗಳಿಗಾದರೆ ಅಂಕಿತವನ್ನು ಬೇರೆ ಫಿಲ್ಟರ್ ಮಾಡಿಬಿಡಿ. ಪೇಜ್‌ಫೈಂಡ್‌ನಲ್ಲಿ ಫಿಲ್ಟರ್ ಸೌಲಭ್ಯ ಚೆನ್ನಾಗಿದೆ. ವಚನಕಾರರ ಹೆಸರು, ಅಂಕಿತ ಎರಡನ್ನೂ ಪಟ್ಟಿಯಾಗಿ ತೋರಿಸಿದರೆ ಹುಡುಕುವ ಪ್ರಮೇಯವೇ ಬರುವುದಿಲ್ಲ.

ಜೋಡಕಗಳ ವಿಷಯದಲ್ಲಿ ಇಲ್ಲೊಂದು ತೊಡಕಿದೆ. ಪೇಜ್‌ಫೈಂಡ್ ಓದುವುದು ಸಿದ್ಧ ಪುಟವನ್ನು. ಅಲ್ಲಿಂದ ಜೋಡಕ ಕಿತ್ತರೆ ಓದುವ ಪುಟ ಕೆಡುತ್ತದೆ. ಅದಕ್ಕೆ ನಾನು ಹೀಗೆ ಮಾಡುತ್ತೇನೆ. ಬಿಲ್ಡ್ ಆದ ಫೋಲ್ಡರಿನ ಇನ್ನೊಂದು ನಕಲು ಮಾಡಿ, ನಕಲಿನ ಮೇಲೆ ಸ್ವಚ್ಛತೆಯ ಫಂಕ್ಷನ್ ಓಡಿಸಿ, ಪೇಜ್‌ಫೈಂಡ್‌ಗೆ ಆ ನಕಲನ್ನು ಓದಲು ಹೇಳಿ, ಇಂಡೆಕ್ಸನ್ನು ಮಾತ್ರ ಅಸಲಿ ಫೋಲ್ಡರಿನಲ್ಲಿ ಬರೆಸುತ್ತೇನೆ. ಫಲಿತಾಂಶದ ತುಣುಕಿನಲ್ಲಿ 'ಸಾಫ್ಟ್ವೇರ್' ಅಂತ ಒತ್ತಕ್ಷರ ಕಾಣುತ್ತದೆ. ಸಹಿಸಬಹುದು.

ಇನ್ನೆರಡು ಸಣ್ಣ ಮಾತು. ಮೆನು, ಪುಟದ ಅಡಿಯ ಫೂಟರ್ ಎಲ್ಲ ಇಂಡೆಕ್ಸ್ ಆಗದಂತೆ ಮುಖ್ಯ ಪಠ್ಯಕ್ಕೆ ಮಾತ್ರ ಅವರು ಹೇಳುವ ಬಾಡಿ ಗುರುತು ಹಾಕಿ. ಆದರೆ ಒಂದು ಪುಟಕ್ಕೆ ಆ ಗುರುತು ಹಾಕಿದರೆ ಗುರುತಿಲ್ಲದ ಪುಟಗಳೆಲ್ಲ ಹೊರಗುಳಿಯುತ್ತವೆ, ಹಾಗಾಗಿ ಎಲ್ಲ ಟೆಂಪ್ಲೇಟಿಗೂ ಹಾಕಬೇಕು. ಮತ್ತೆ, ಫೈಲನ್ನು ಡಬಲ್ ಕ್ಲಿಕ್ ಮಾಡಿ ಬ್ರೌಸರಿನಲ್ಲಿ ತೆರೆದು 'ಸರ್ಚ್ ಓಡುತ್ತಿಲ್ಲ' ಅನ್ನಬೇಡಿ. ಲೋಕಲ್ ಸರ್ವರ್ ಬೇಕು, ಅದು ಪೇಜ್‌ಫೈಂಡ್ ಜೊತೆಗೇ ಬರುತ್ತದೆ.

ಮಿನಿಸರ್ಚ್, ಫ್ಯೂಸ್: ಸ್ಪೆಲ್ಲಿಂಗ್ ತಪ್ಪುವವರಿಗೆ

ಇಳಕಲ್ ಅಂತ ಬರೆಯುವವರಿದ್ದಾರೆ, ಇಲಕಲ್ ಅನ್ನುವವರಿದ್ದಾರೆ, ಇಲ್ಕಲ್ ಅಂತಲೂ ಬರೆಯುತ್ತಾರೆ. ಸೆರಗಿನ ಟೋಪ್ ತೆನಿಯನ್ನು ಟೋಪ ತೆನಿ, ತೋಪ ತೆನಿ ಅಂತೆಲ್ಲ ಹೊಡೆಯುತ್ತಾರೆ. ಸೀರೆ ಅಂಗಡಿಯವರೊಬ್ಬರು ಫೋನ್ ಮಾಡಿ, "ಸರ, ತೋಪ ತೆನಿ ಅಂತ ಹೊಡದ್ರ ಒಂದೂ ಸೀರಿ ಬರವಲ್ದು ನೋಡ್ರಿ" ಅಂದಿದ್ದರು. ಇಂಥಲ್ಲಿ ಅಕ್ಷರ ಆಚೀಚೆ ಆದರೂ ಹಿಡಿಯುವ ಫಜಿ ಹುಡುಕಾಟ ಬೇಕು. ಪೇಜ್‌ಫೈಂಡ್‌ನಿಂದ ಅದನ್ನು ನಿರೀಕ್ಷಿಸಬೇಡಿ.

ಮಿನಿಸರ್ಚ್ ಇದಕ್ಕೆ ಒಳ್ಳೆಯದು. ಪದ ಬಿಡಿಸುವಾಗ ಯೂನಿಕೋಡಿನ ಖಾಲಿ ಜಾಗ ಮತ್ತು ವಿರಾಮಚಿಹ್ನೆಗಳನ್ನು ಮಾತ್ರ ನೋಡುತ್ತದೆ. ಕನ್ನಡದ ಗುಣಿತ, ಒತ್ತು ಮುರಿಯುವುದಿಲ್ಲ. ಪ್ರಿಫಿಕ್ಸ್ ಇದೆ, ಫಜಿ ಇದೆ, ಪ್ರತಿ ಪದವನ್ನು ನಿಮ್ಮ ಫಂಕ್ಷನ್‌ಗೆ ಕೊಟ್ಟು ಸ್ವಚ್ಛ ಮಾಡಿಸುವ ಪ್ರೊಸೆಸ್‌ಟರ್ಮ್ ಇದೆ. ಇಲ್ಲಿ ಅದು ಇಂಡೆಕ್ಸ್ ಕಟ್ಟುವಾಗಲೂ ಹುಡುಕುವಾಗಲೂ ತಾನಾಗಿ ಓಡುತ್ತದೆ. ದೊಡ್ಡ ಅನುಕೂಲ.

ಫಜಿಗೆ 0.2 ಅಂತ ಕೊಟ್ಟರೆ ಪದದ ಉದ್ದವನ್ನು ಅದರಿಂದ ಗುಣಿಸಿ ಅಷ್ಟು ತಪ್ಪನ್ನು ಕ್ಷಮಿಸುತ್ತದೆ. 'ಇಲಕಲ್' ಐದು ಚಿಹ್ನೆ, ಅಂದರೆ ಒಂದು ತಪ್ಪಿಗೆ ಮಾಫಿ. ಲ ಹೋಗಿ ಳ ಆಗುವುದು ಒಂದೇ ತಪ್ಪು, ಆದ್ದರಿಂದ 'ಇಳಕಲ್' ಸಿಗುತ್ತದೆ. 'ಇಲ್ಕಲ್' ಆರು ಚಿಹ್ನೆ, ಅದಕ್ಕೂ ಒಂದೇ ಮಾಫಿ. ಆದರೆ ಇಳಕಲ್‌ಗೆ ಬರಲು ಎರಡು ಬದಲಾವಣೆ ಬೇಕು, ಹಾಗಾಗಿ ಸಿಗುವುದಿಲ್ಲ. ಹಾಗಂತ 0.4ಕ್ಕೆ ಏರಿಸಿದರೆ ಸಂಬಂಧವೇ ಇಲ್ಲದ ಪದಗಳು ನುಗ್ಗುತ್ತವೆ. 0.2ರಲ್ಲೇ ಬಿಟ್ಟು, ಉಳಿದದ್ದನ್ನು ಅಡ್ಡಹೆಸರುಗಳಿಂದ ಸರಿ ಮಾಡಿ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ. ಇನ್ನೊಂದು, ಎರಡು ಪದ ಕೊಟ್ಟರೆ ಯಾವುದಾದರೂ ಒಂದು ಇದ್ದರೂ ತೋರಿಸುವುದು ಇದರ ಮಾಮೂಲಿ ಅಭ್ಯಾಸ. ಸೀರೆ ಅಂಗಡಿಯಲ್ಲಿ 'ಇಳಕಲ್ ಸೀರೆ' ಅಂದರೆ ಇರುವ ಎಲ್ಲ ಸೀರೆಗಳೂ ಬಂದುಬಿಡುತ್ತವೆ. ಎರಡೂ ಬೇಕು ಅಂತ ಸೆಟ್ ಮಾಡಿ.

ಫ್ಯೂಸ್ ಹೆಸರು ಜಾಸ್ತಿ ಕೇಳಿಬರುತ್ತದೆ. ಫಜಿ ಅದರ ಹುಟ್ಟುಗುಣ. ಆದರೆ ಅದು ಶೀರ್ಷಿಕೆ, ಹೆಸರುಗಳಂಥ ಚಿಕ್ಕ ಪಠ್ಯಕ್ಕೆ. ಏನೂ ಬದಲಿಸದೆ ಬಳಸಿದರೆ ಪಠ್ಯದ ಮೊದಲ ಅರವತ್ತು ಚಿಹ್ನೆಗಳ ಆಸುಪಾಸಿನಲ್ಲಿ ಇದ್ದದ್ದು ಮಾತ್ರ ಅದಕ್ಕೆ ಕಾಣುತ್ತದೆ. ಲೇಖನದ ನಾಲ್ಕನೇ ಪ್ಯಾರಾದಲ್ಲಿರುವ ಪದ ಸಿಗಲಿಲ್ಲ ಅಂತ ತಲೆ ಕೆರೆದುಕೊಳ್ಳುವವರೆಲ್ಲ ಇಗ್ನೋರ್‌ಲೊಕೇಶನ್ ಅನ್ನುವ ಆಯ್ಕೆ ಆನ್ ಮಾಡಿಲ್ಲ ಅಂತಲೇ ಅರ್ಥ. ಆನ್ ಮಾಡಿದರೆ ಉದ್ದ ಪಠ್ಯದಲ್ಲಿ ನಿಧಾನ, ಜೊತೆಗೆ ಕಸ. ಪೂರ್ಣ ಪಠ್ಯಕ್ಕೆ ನಾನು ಇದನ್ನು ಬಳಸುವುದಿಲ್ಲ.

ಲೂನರ್

ಎಲ್ಲ ಹಳೇ ಟ್ಯುಟೋರಿಯಲ್‌ಗಳೂ ಇದನ್ನೇ ಹೇಳುತ್ತವೆ. ಇಂಗ್ಲಿಷಿಗೆ ಒಳ್ಳೆಯದು. ಕನ್ನಡಕ್ಕೆ ಹಾಗೇ ಹಾಕಿದರೆ ಇಂಡೆಕ್ಸೇ ಖಾಲಿ. ಕಾರಣ ಟ್ರಿಮ್ಮರ್ ಅನ್ನುವ ಒಂದು ಹಂತ. ಪದದ ಆಚೀಚೆ ಅಂಟಿದ ವಿರಾಮಚಿಹ್ನೆ ಕೀಳುವುದು ಅದರ ಕೆಲಸ. ಆದರೆ ಜಾವಾಸ್ಕ್ರಿಪ್ಟಿನ ಆ ಹಳೇ ಪ್ಯಾಟರ್ನ್ ಪ್ರಕಾರ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟು ಉಳಿದದ್ದೆಲ್ಲ ವಿರಾಮಚಿಹ್ನೆ. ಕನ್ನಡದ ಇಡೀ ಪದವನ್ನು ತಿಂದುಹಾಕುತ್ತದೆ. ಪುಟದಲ್ಲಿರುವ ಇಸವಿಗಳು, ಒಂದೆರಡು ಇಂಗ್ಲಿಷ್ ಪದ ಮಾತ್ರ ಸಿಗುತ್ತವೆ. ಯಾವ ಎರರ್ ಕೂಡ ಬರುವುದಿಲ್ಲ.

ಲೂನರ್ ಲ್ಯಾಂಗ್ವೇಜಸ್ ಅನ್ನುವ ಜೊತೆ ಪ್ಯಾಕೇಜಿನಲ್ಲಿ ಕನ್ನಡದ ಫೈಲ್ ಇದೆ, ಅದನ್ನು ಸೇರಿಸಿದರೆ ಈ ತೊಂದರೆ ಹೋಗುತ್ತದೆ. ನಿಮ್ಮ ಥೀಮಿನಲ್ಲಿ ಲೂನರ್ ಮೊದಲೇ ಕೂತಿದ್ದರೆ ಹಾಗೆ ಮಾಡಿ. ಹೊಸದಾಗಿ ಹಾಕುವವರು ಮಿನಿಸರ್ಚ್ ಹಾಕಿಕೊಳ್ಳಿ. ಸ್ಟೋರ್ಕ್ ಅನ್ನುವ ಇನ್ನೊಂದು ಟೂಲಿನ ಬಗ್ಗೆ ಓದಿದ್ದರೆ, ಅದರ ಅಭಿವೃದ್ಧಿ ನಿಂತುಹೋಗಿದೆ, ಬೇಡ.

ಎಸ್‌ಕ್ಯೂಲೈಟ್

ಆಸಕ್ತಿ ಇರುವವರಿಗೆ ಮಾತ್ರ. ಎಸ್‌ಕ್ಯೂಲೈಟ್ ಅಂದರೆ ಒಂದೇ ಫೈಲಿನಲ್ಲಿ ಕೂರುವ ಡೇಟಾಬೇಸ್. ಆ ಇಡೀ ಫೈಲನ್ನು ಸ್ಟ್ಯಾಟಿಕ್ ಆಗಿ ಇಟ್ಟು, ಬ್ರೌಸರಿನಿಂದ ಬೇಕಾದ ಚೂರುಗಳನ್ನಷ್ಟೇ ಇಳಿಸಿ ಹುಡುಕಬಹುದು. ಸಾಹಸ ಚೆನ್ನಾಗಿದೆ. ಆದರೆ ಎಫ್‌ಟಿಎಸ್5 ಅನ್ನುವ ಅದರ ಸರ್ಚಿನ ಮಾಮೂಲಿ ಟೋಕನೈಸರ್ (ಪಠ್ಯವನ್ನು ಪದಗಳಾಗಿ ಬಿಡಿಸುವ ಭಾಗ) ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಅಂತ ತಿಳಿಯುತ್ತದೆ. ಗುಣಿತದ ಚಿಹ್ನೆ, ವಿರಾಮ ಕಂಡಲ್ಲೆಲ್ಲ ಪದ ಮುರಿಯುತ್ತದೆ. 'ಸ್ತ್ರೀ' ಎಂಬುದು ಸ, ತ, ರ ಅಂತ ಮೂರು ಪದ! ಮಾರ್ಕ್ ವರ್ಗದ ಚಿಹ್ನೆಗಳನ್ನೂ ಸೇರಿಸಿಕೋ ಅಂತ ಹೇಳಿ ಟೇಬಲ್ ಕಟ್ಟಬೇಕು. ಇಲ್ಲವೇ 2020ರ ಕೊನೆಗೆ ಬಂದ ಟ್ರೈಗ್ರಾಮ್ ಟೋಕನೈಸರ್ ಬಳಸಬೇಕು. ಅದು ಮೂರು ಮೂರು ಚಿಹ್ನೆಗಳ ತುಂಡು ಮಾಡಿ ಇಡುವುದರಿಂದ ಪದದ ನಡುವೆಯೂ ಹುಡುಕುತ್ತದೆ. ತುಂಬಾ ದೊಡ್ಡ ಸಂಗ್ರಹಕ್ಕೆ, ಸಮಾಸದೊಳಗಿನ ಪದವೂ ಸಿಗಲೇಬೇಕು ಅನ್ನುವವರಿಗೆ ಇದೊಂದು ದಾರಿ.

ಹೊರಗಿನವರ ಸೇವೆ, ಗೂಗಲ್

ಆಲ್ಗೋಲಿಯಾ ವೇಗದಲ್ಲಿ ಬಲು ಜೋರು. ಉಚಿತ ಪ್ಲ್ಯಾನಿನಲ್ಲಿ ಒಂದು ದಾಖಲೆ 10 ಕೆಬಿ ಮೀರುವಂತಿಲ್ಲ. ಇಂಗ್ಲಿಷಿಗೆ ಅದು ಹತ್ತು ಸಾವಿರ ಅಕ್ಷರ. ಕನ್ನಡಕ್ಕೆ ಮೂರು ಸಾವಿರ ಚಿಲ್ಲರೆ ಚಿಹ್ನೆ, ಅಂದರೆ ಸಾಧಾರಣ ಲೇಖನವನ್ನೂ ತುಂಡು ಮಾಡಿ ಕಳಿಸಬೇಕು. ಟೈಪ್‌ಸೆನ್ಸ್, ಮೈಲಿಸರ್ಚ್ ಮುಕ್ತ ತಂತ್ರಾಂಶಗಳೇ, ಆದರೆ ಸದಾ ಓಡುವ ಸರ್ವರ್ ಬೇಕು. ಸರ್ವರಿನ ಬಾಡಿಗೆ, ಉಸಾಬರಿ ಬೇಡ ಅಂತಲೇ ಅಲ್ವಾ ನಾವು ಸ್ಟ್ಯಾಟಿಕ್‌ಗೆ ಬಂದದ್ದು?

ಗೂಗಲ್ ಸುಲಭ. ಒಂದು ಫಾರ್ಮ್ ಹಾಕಿ, ನಿಮ್ಮ ವೆಬ್‌ಸೈಟಿನೊಳಗೆ ಮಾತ್ರ ಹುಡುಕುವಂತೆ ಗೂಗಲ್‌ಗೆ ಕಳಿಸಿಬಿಡಬಹುದು. ಆದರೆ ಗೂಗಲ್ ಕಂಡ ಪುಟ ಮಾತ್ರ ಸಿಗುತ್ತದೆ. ನಿನ್ನೆ ಹಾಕಿದ್ದು ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಓದುಗರು ನಿಮ್ಮ ಅಂಗಳ ಬಿಟ್ಟು ಹೋಗುತ್ತಾರೆ. ಬೇರೆ ಏನೂ ಆಗದಿದ್ದರೆ ಮಾತ್ರ.

ಅಡ್ಡಹೆಸರು, ಎರಡು ಭಾಷೆ

2014ರ ನವೆಂಬರ್ 1ರಿಂದ ಬಿಜಾಪುರ ಅಧಿಕೃತವಾಗಿ ವಿಜಯಪುರ. ಹುಡುಕುವವರ ಬೆರಳಿಗೆ ಅದು ಇನ್ನೂ ಪೂರ್ತಿ ಗೊತ್ತಾಗಿಲ್ಲ. ಬಿಜಾಪುರ, ವಿಜಾಪುರ, ವಿಜಯಪುರ ಮೂರೂ ಬರುತ್ತವೆ. ಗೋಳಗುಮ್ಮಟ, ಗೋಲಗುಂಬಜ, ಗೋಲ್ ಗುಂಬಜ್ ಕೂಡ ಹಾಗೇ. ಕನ್ನಡ ಕೀಬೋರ್ಡ್ ಇಲ್ಲದವರು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯುತ್ತಾರೆ. ಇದನ್ನು ಯಾವ ಫಜಿಯೂ ಹಿಡಿಯಲ್ಲ. ಪ್ರತಿ ಪುಟದ ಮೇಲ್ಭಾಗದ ಮಾಹಿತಿಯಲ್ಲಿ ಅಡ್ಡಹೆಸರುಗಳಿಗೆ ಒಂದು ಸಾಲು ಇಡಿ. ಜೇಸನ್ ದಾರಿಯಲ್ಲಿ, ಮಿನಿಸರ್ಚ್‌ನಲ್ಲಿ ಅದನ್ನೂ ಒಂದು ಫೀಲ್ಡ್ ಆಗಿ ಕೊಡಿ. ಪೇಜ್‌ಫೈಂಡ್‌ಗಾದರೆ ಎಲಿಮೆಂಟಿನ ಒಂದು ಆಟ್ರಿಬ್ಯೂಟಿನಲ್ಲಿಟ್ಟು, ಅದನ್ನೂ ಇಂಡೆಕ್ಸ್ ಮಾಡು ಅಂತ ಹೇಳಬಹುದು.

ಬೆಳಗಾವಿಯವರಿಗೆ ಒಂದು ಮಾತು ಜಾಸ್ತಿ. ಅಲ್ಲಿನ ವೆಬ್‌ಸೈಟುಗಳಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಇರುತ್ತವೆ. ಪೇಜ್‌ಫೈಂಡ್ ಪ್ರತಿ ಪುಟದ ಲ್ಯಾಂಗ್ ಗುರುತು ನೋಡಿ ಭಾಷೆಗೊಂದರಂತೆ ಬೇರೆ ಬೇರೆ ಇಂಡೆಕ್ಸ್ ಕಟ್ಟುತ್ತದೆ. ಕನ್ನಡ ಪುಟದಿಂದ ಹುಡುಕಿದರೆ ಕನ್ನಡದ್ದು ಮಾತ್ರ ಸಿಗುತ್ತದೆ. ಇದು ಸರಿಯಾದ ನಡವಳಿಕೆಯೇ. ಆದರೆ ಥೀಮ್ ಮಾಡಿದವರು ಆ ಗುರುತನ್ನು ಇಂಗ್ಲಿಷ್ ಅಂತ ಬಿಟ್ಟಿರುತ್ತಾರೆ, ನೀವು ಕೆಲವು ಟೆಂಪ್ಲೇಟಿನಲ್ಲಿ ಮಾತ್ರ ಕನ್ನಡ ಮಾಡಿರುತ್ತೀರಿ. ಆಗ ನಿಮ್ಮ ಅರ್ಧ ಪುಟಗಳು ಇನ್ನರ್ಧಕ್ಕೆ ಕಾಣದಂತಾಗುತ್ತವೆ. ಸರ್ಚ್ ಹಾಕುವ ಮೊದಲು ಎಲ್ಲ ಟೆಂಪ್ಲೇಟಿನ ಲ್ಯಾಂಗ್ ನೋಡಿಕೊಳ್ಳಿ. ಭಾಷೆ ಬೇರ್ಪಡಿಸುವುದೇ ಬೇಡ ಅನ್ನುವುದಾದರೆ ಎಲ್ಲವನ್ನೂ ಒಂದೇ ಭಾಷೆ ಅಂತ ತಿಳಿ ಎನ್ನುವ ಆಯ್ಕೆಯೂ ಇದೆ.

ಹಾಕಿದ ಮೇಲೆ ಪರೀಕ್ಷೆಗೆ ಒಂದು ಪಟ್ಟಿ ಇಟ್ಟುಕೊಳ್ಳಿ. ಊರು, ಸಂಗಮ, ಇಲ್ಕಲ್, ಬಿಜಾಪುರ, 1926, ಒಂದು 'ಕೊ' ಇರುವ ಪದ, ಒಂದು ಜೋಡಕ ಇರುವ ಪದ. ಪ್ರತಿಯೊಂದಕ್ಕೂ ಯಾವ ಪುಟ ಬರಬೇಕು ಅಂತ ಬರೆದಿಡಿ. ಟೂಲಿನ ಹೊಸ ಆವೃತ್ತಿ ಹಾಕಿದಾಗಲೆಲ್ಲ ಇದನ್ನೊಮ್ಮೆ ಓಡಿಸಿ. ಪರೀಕ್ಷೆಯನ್ನು ಫೋನಿನಲ್ಲೂ ಮಾಡಿ, ಟೈಪ್ ಮಾಡಿ, ಮಾತಾಡಿಯೂ ನೋಡಿ. ಕೀಬೋರ್ಡಿಗೊಂದು ಥರ ಜೋಡಕ ಬೀಳುತ್ತದೆ.

ಮತ್ತೆ, ಸರ್ಚಿಗೆ ಬೇರೆಯೇ ಒಂದು ಪುಟ ಮಾಡಿ, ಹುಡುಕಿದ ಪದ ಆ ಪುಟದ ವಿಳಾಸದಲ್ಲೇ ಕಾಣುವಂತೆ ಮಾಡಿ. ಆಗ 'ಇಳಕಲ್' ಅಂತ ಹುಡುಕಿದ ಫಲಿತಾಂಶದ ಕೊಂಡಿಯನ್ನು ಅಂಗಡಿಯವರು ಸೀದಾ ವಾಟ್ಸಾಪ್‌ನಲ್ಲಿ ಗಿರಾಕಿಗೆ ಕಳಿಸಬಹುದು. ಮುಂದೆ ಪುಟ ಹೆಚ್ಚಾಗಿ ಜೇಸನ್‌ನಿಂದ ಪೇಜ್‌ಫೈಂಡ್‌ಗೆ ಹೋದರೂ ಆ ಕೊಂಡಿ ಕೆಡುವುದಿಲ್ಲ.